ನವಲಗುಂದದ ಅರಳೆ, ಮ್ಯಾಂಚೆಸ್ಟರಿನ ಬ್ಯಾರೊನೆಟ್

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಹಾದು ಘಟ್ಟ ಇಳಿದು ಕರಾವಳಿ ಸೇರುವ ಹಾದಿಯಲ್ಲಿ ಇಂದು ಹಗಲು ರಾತ್ರಿ ಲಾರಿಗಳು ಓಡಾಡುತ್ತವೆ. ನೂರಾ ಅರವತ್ತು ವರ್ಷಗಳ ಹಿಂದೆ ಈ ಸೀಮೆಗೆ ಒಳ್ಳೆಯ ಗಾಡಿದಾರಿ ಬೇಕೇಬೇಕೆಂದು ಹಟ ಹಿಡಿದವರಲ್ಲಿ ಮುಂಚೂಣಿಯಲ್ಲಿದ್ದವರು ಇಂಗ್ಲೆಂಡಿನ ಗಿರಣಿ ಮಾಲೀಕರು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲದ ಹತ್ತಿ ಮಳೆಗಾಲಕ್ಕೆ ಮೊದಲೇ ಹಡಗು ಹತ್ತಬೇಕು ಎಂಬುದು ಅವರ ಆತುರ. ಭಾರತದ ಹತ್ತಿಗಾಗಿ ಹೀಗೆ ದನಿ ಎತ್ತಿದವರಲ್ಲಿ ದೊಡ್ಡ ಹೆಸರು ಸರ್ ಥಾಮಸ್ ಬೇಜ್ಲಿ ಅವರದು. ಹತ್ತಿಯಿಂದ ಕಾಳು ಬೇರೆ ಮಾಡುವ ನಮ್ಮ ಊರುಗಳ ಜಿನ್ನುಗಳ ಕಥೆ ಹೇಳಬೇಕಾದರೆ ಅವರಿಂದಲೇ ಶುರು ಮಾಡಬೇಕು.

ಬೇಜ್ಲಿ ಹುಟ್ಟಿದ್ದು 1797ರಲ್ಲಿ, ಲ್ಯಾಂಕಶೈರಿನ ಬೋಲ್ಟನ್ ಬಳಿ. ಗಿರಣಿಯಲ್ಲಿ ಕೆಲಸ ಕಲಿತು, ನೂಲಿನ ದಲ್ಲಾಳಿಯಾಗಿ ವ್ಯಾಪಾರ ಆರಂಭಿಸಿದರು. ಮ್ಯಾಂಚೆಸ್ಟರಿಗೆ ಬಂದ ಮೇಲೆ ರಾಬರ್ಟ್ ಗಾರ್ಡನರ್ ಎಂಬವರ ಪಾಲುದಾರರಾಗಿ, ಸಣ್ಣ ನೂಲು ತೆಗೆಯುವುದರಲ್ಲಿ ಇಡೀ ಇಂಗ್ಲೆಂಡಿಗೆ ಹೆಸರಾದರು. 1845ರಿಂದ 1859ರವರೆಗೆ ಮ್ಯಾಂಚೆಸ್ಟರ್ ವಾಣಿಜ್ಯ ಸಂಸ್ಥೆಯ ಅಧ್ಯಕ್ಷರು. 1858ರಿಂದ 1880ರವರೆಗೆ ಅದೇ ಊರಿನಿಂದ ಪಾರ್ಲಿಮೆಂಟಿನ ಸದಸ್ಯರು. 1869ರಲ್ಲಿ ರಾಣಿ ವಿಕ್ಟೋರಿಯಾ ಸರ್ಕಾರ ಅವರನ್ನು ಬ್ಯಾರೊನೆಟ್ ಮಾಡಿತು. ಹೆಸರಿನ ಮೊದಲು ‘ಸರ್’ ಸೇರಿಸಿಕೊಳ್ಳುವ, ತಂದೆಯಿಂದ ಹಿರಿಯ ಮಗನಿಗೆ ಇಳಿಯುವ ಪದವಿ ಅದು. ನಮ್ಮ ದೇಸಗತಿ ಮನೆತನಗಳನ್ನು ನೆನೆದರೆ ಅರ್ಥವಾದೀತು, ಆದರೆ ಬ್ಯಾರೊನೆಟ್ ಪದವಿಯ ಜೊತೆಗೆ ಜಮೀನು ಬರುವುದಿಲ್ಲ. ಭೂಮಿಯನ್ನು ಬೇಜ್ಲಿ ನೂಲಿನ ಹಣದಲ್ಲೇ ಕೊಂಡರು. ಗ್ಲಾಸ್ಟರ್‌ಶೈರಿನಲ್ಲಿ ಹ್ಯಾಥರಪ್ ಎಂಬ ದೊಡ್ಡ ಎಸ್ಟೇಟು ಅವರ ಮನೆತನದ ಪಾಲಾಯಿತು. 1885ರಲ್ಲಿ ಅವರು ತೀರಿಕೊಂಡರು.

ಅವರ ಹೆಸರು ಇಂದಿಗೂ ಅಂಟಿಕೊಂಡಿರುವುದು ಬೋಲ್ಟನ್ ಪಕ್ಕದ ಬ್ಯಾರೊ ಬ್ರಿಜ್ ಎಂಬ ಹಳ್ಳಿಗೆ. ಅಲ್ಲಿ ಗಾರ್ಡನರ್ ಮತ್ತು ಬೇಜ್ಲಿಯವರ ಡೀನ್ ಮಿಲ್ಸ್ ಇತ್ತು. ಗಿರಣಿಯ ಕಾರ್ಮಿಕರಿಗೆಂದೇ ಸಾಲು ಮನೆ, ಶಾಲೆ, ಓದುವ ಕೋಣೆ, ಅಂಗಡಿ ಕಟ್ಟಿಸಿದ್ದರು. ಗಿರಣಿ ಊರೆಂದರೆ ಹೊಗೆ, ಕೊಳಚೆ, ಕಾಲರಾ ಎಂಬಂತಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. 1851ರಲ್ಲಿ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್ ಆ ಹಳ್ಳಿ ನೋಡಲು ಬಂದರು. ಗಿರಣಿ ಯಾವತ್ತೋ ನೆಲಸಮವಾಯಿತು, ಮನೆಗಳು ಮಾತ್ರ ಇನ್ನೂ ಇವೆ.

ಇಷ್ಟೆಲ್ಲ ನಿಂತದ್ದು ಹೊರದೇಶದ ಹತ್ತಿಯ ಮೇಲೆ, ಅದರಲ್ಲೂ ಹೆಚ್ಚು ಭಾಗ ಅಮೆರಿಕದ ಗುಲಾಮರು ಬೆಳೆದ ಹತ್ತಿಯ ಮೇಲೆ. ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಗತಿಯೇನು ಎಂಬ ಭಯ ಮ್ಯಾಂಚೆಸ್ಟರಿಗೆ ಮೊದಲಿನಿಂದಲೂ ಇತ್ತು. ಅದಕ್ಕೇ ಅಲ್ಲಿನ ವರ್ತಕರು ಅಲೆಕ್ಸಾಂಡರ್ ಮೆಕೇ ಎಂಬ ಪತ್ರಕರ್ತನನ್ನು ಪಶ್ಚಿಮ ಭಾರತಕ್ಕೆ ಕಳಿಸಿದರು. ಕಂಪನಿ ಸರ್ಕಾರದಲ್ಲಿ ಹತ್ತಿ ಯಾಕೆ ಏಳಿಗೆಯಾಗುತ್ತಿಲ್ಲ ಎಂದು ತಿಳಿದು ಬರುವುದು ಅವನ ಕೆಲಸ. ಊರಿಗೆ ಮರಳುವ ಮೊದಲೇ ಮೆಕೇ ತೀರಿಕೊಂಡ. 1853ರಲ್ಲಿ ಅವನ ವರದಿ ಪುಸ್ತಕವಾಗಿ ಬಂದಾಗ ಮುನ್ನುಡಿ ಬರೆದವರು ಬೇಜ್ಲಿ. ರಸ್ತೆಯಿಲ್ಲ, ನೀರಾವರಿಯಿಲ್ಲ, ಕಂದಾಯದ ಭಾರ ಹೆಚ್ಚು ಎಂದು ಮ್ಯಾಂಚೆಸ್ಟರ್ ಆ ದಿನಗಳಲ್ಲಿ ಆಡಿದ ದೂರು ನವಲಗುಂದದ ರೈತನ ಬಾಯಲ್ಲೂ ಬರಬಹುದಾದ ದೂರೇ ಆಗಿತ್ತು. ಆದರೆ ಇಬ್ಬರಿಗೆ ಬೇಕಾದದ್ದು ಬೇರೆ ಬೇರೆ. ರೈತನಿಗೆ ಒಳ್ಳೆಯ ಬೆಲೆ ಬೇಕಿತ್ತು, ಗಿರಣಿಗೆ ಅಗ್ಗದ ಅರಳೆ ಬೇಕಿತ್ತು.

ಧಾರವಾಡದಲ್ಲಿ ಪ್ರಯೋಗ ಅಷ್ಟರಲ್ಲಾಗಲೇ ನಡೆದಿತ್ತು. 1842ರ ಸುಮಾರಿಗೆ ಕಲೆಕ್ಟರ್ ಶಾ ಅಮೆರಿಕದ ಬೀಜ ತರಿಸಿ ರೈತರಿಗೆ ಹಂಚಿದರು. ಅಮೆರಿಕದಿಂದ ತೋಟಗಾರರೂ ಬಂದು ಹುಬ್ಬಳ್ಳಿ ಸುತ್ತ ಬೆಳೆದು ತೋರಿಸಿದರು. ಬೇರೆ ಎಷ್ಟೋ ಕಡೆ ಸೋತ ಆ ಬೀಜ ನಮ್ಮ ಎರಿ ನೆಲದಲ್ಲಿ ನೆಲೆ ನಿಂತಿತು. ‘ಧಾರವಾಡ-ಅಮೆರಿಕನ್’ ಎಂದು ಪೇಟೆಯಲ್ಲಿ ಹೆಸರೂ ಪಡೆಯಿತು. ಇನ್ನೊಂದು ನಮ್ಮದೇ ನಾಟಿ ಹತ್ತಿ. ಹಿಂಗಾರಿಗೆ ಬಿತ್ತಿ, ಮಾಘ ಫಾಲ್ಗುಣದ ಹೊತ್ತಿಗೆ ಬಿಡಿಸುವ ಬೆಳೆ. ಗಾಡಿಗಳು ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದುದರಿಂದ ವರ್ತಕರು ಅದಕ್ಕೆ ‘ಕುಮಟಾ’ ಎಂದರು. ಹೊಲ ಇಲ್ಲಿಯದು, ಹೆಸರು ಬಂದರಿನದು.

ಹೊಲದಿಂದ ಬಂದ ಹತ್ತಿಯಲ್ಲಿ ಮೂರರಲ್ಲಿ ಎರಡು ಪಾಲು ತೂಕ ಬೀಜದ್ದೇ. ಅದನ್ನು ಬೇರೆ ಮಾಡದೆ ನೂಲೂ ಇಲ್ಲ, ವ್ಯಾಪಾರವೂ ಇಲ್ಲ. ಜಿನ್ ಬರುವ ಮೊದಲು ಈ ಕೆಲಸ ಹೆಣ್ಣುಮಕ್ಕಳ ಕಾಲ ಮೇಲೆ ನಿಂತಿತ್ತು. ಮುಂದೆ ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಅಡ್ಡಲಾಗಿ ಕಬ್ಬಿಣದ ಸಣ್ಣ ಸರಳು. ಗಿಡ್ಡ ಮಣೆಯ ಮೇಲೆ ಕೂತ ಹೆಂಗಸು ಒಂದು ಹಿಡಿ ಹತ್ತಿಯನ್ನು ಸರಳಿನಡಿ ಹರಡುತ್ತಾಳೆ. ಎರಡೂ ಅಂಗಾಲುಗಳಿಂದ ಸರಳನ್ನು ಹಿಂದೆ ಮುಂದೆ ಉರುಳಿಸುತ್ತಾಳೆ. ಒತ್ತಡಕ್ಕೆ ಕಾಳು ಮುಂದಕ್ಕೆ ಜಿಗಿಯುತ್ತದೆ, ಎಳೆ ಹಿಂದಕ್ಕೆ ಬರುತ್ತದೆ. ಒತ್ತು ಹೆಚ್ಚಾದರೆ ಕಾಳು ಒಡೆದು ಅರಳೆ ಕೆಡುತ್ತದೆ, ಕಡಿಮೆಯಾದರೆ ಎಳೆ ಬಿಡುವುದಿಲ್ಲ. ಇಡೀ ದಿನ ಸೊಂಟ ಬಗ್ಗಿಸಿ ಕೂತರೂ ಕೈಗೆ ಬರುವುದು ಒಂದಷ್ಟು ಸೇರು. ಕುಮಟಾ ಹತ್ತಿಯ ಗಿಡ್ಡ ಎಳೆಗೆ ಇದಕ್ಕಿಂತ ಮೃದುವಾದ ವಿಧಾನ ಇರಲಿಲ್ಲ. ಹಲ್ಲುಗಳ ಗರಗಸ ಜಿನ್ ಅಮೆರಿಕನ್ ಹತ್ತಿಗೆ ಒಗ್ಗಿತು, ನಾಟಿ ಎಳೆಯನ್ನು ಕತ್ತರಿಸಿ ಹಾಕಿತು. ಧಾರವಾಡದಲ್ಲಿ ಸರ್ಕಾರ ಗರಗಸ ಜಿನ್ನುಗಳ ಕಾರ್ಖಾನೆಯನ್ನೇ ನಡೆಸಿ, ಅದಕ್ಕೆ ಡಾಕ್ಟರ್ ಫೋರ್ಬ್ಸ್ ಎಂಬವರನ್ನು ಮುಖ್ಯಸ್ಥರನ್ನಾಗಿ ಮಾಡಿತ್ತು. ಆದರೂ ಬಹಳ ಕಾಲ ಹಳ್ಳಿಗಳು ಕಲ್ಲು, ಸರಳು ಬಿಡಲಿಲ್ಲ. ಈ ಹೆಂಗಸರಲ್ಲಿ ಒಬ್ಬರ ಹೆಸರೂ ಯಾವ ದಫ್ತರದಲ್ಲೂ ಉಳಿಯದಿರುವುದು ನನಗೆ ಬಹಳ ನೋವಿನ ಸಂಗತಿ.

1861ರಲ್ಲಿ ಅಮೆರಿಕದಲ್ಲಿ ಯುದ್ಧ ಹತ್ತಿತು, ಹತ್ತಿ ನಿಂತಿತು. ಲ್ಯಾಂಕಶೈರಿನಲ್ಲಿ ಲಕ್ಷಗಟ್ಟಲೆ ಜನ ಕೆಲಸವಿಲ್ಲದೆ ಗಂಜಿಗೆ ಸಾಲು ನಿಂತರು. ಇಲ್ಲಿ ಹತ್ತಿಯ ಬೆಲೆ ಯಾರೂ ಕಂಡರಿಯದಷ್ಟು ಏರಿತು. ಮ್ಯಾಂಚೆಸ್ಟರಿನವರು ಕಟ್ಟಿದ ಹತ್ತಿ ಕಂಪನಿ ಕಾಳಿನದಿಯ ದಂಡೆಯ ಸದಾಶಿವಗಡದಲ್ಲಿ ಅರಳೆ ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ ಹೂಡಲು ಯಂತ್ರ ಕಳಿಸಿತು. ಯಂತ್ರ ಬಂದು ನಿಂತಾಗ ಘಟ್ಟದ ರಸ್ತೆ ಇನ್ನೂ ಮುಗಿದಿರಲಿಲ್ಲ. ಗಿರಣಿಯವರ ಒತ್ತಾಯಕ್ಕೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯೇ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಬಂತು. ಹತ್ತಿ ಬೆಳೆಯುವ ಧಾರವಾಡ, ಹತ್ತಿ ಸಾಗಿಸುವ ಕಾರವಾರ ಒಂದೇ ಆಡಳಿತದಲ್ಲಿರಲಿ ಎಂಬುದು ಲೆಕ್ಕ. ಕಾರವಾರ ಬಂದರಾಗಿ ಬೆಳೆಯಿತು. ಬೆಲೆ ಏರಿದಾಗ ಕಲಬೆರಕೆಯೂ ಏರಿತು. ಅಮೆರಿಕನ್ ಹತ್ತಿಗೆ ಕುಮಟಾ ಬೆರೆಸಿ, ಅರಳೆಗೆ ಕಾಳು, ಮಣ್ಣು ಸೇರಿಸಿ ಅಂಡಿಗೆ ಕಟ್ಟುವವರನ್ನು ಹಿಡಿಯಲು 1863ರಲ್ಲಿ ಮುಂಬಯಿ ಸರ್ಕಾರ ಕಾಯ್ದೆಯನ್ನೇ ತಂದಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಮಗುಚಿತು. ಅಷ್ಟರಲ್ಲಿ ಮ್ಯಾಂಚೆಸ್ಟರ್ ಕಂಪನಿಯೂ ಬಾಗಿಲು ಹಾಕಿತ್ತು.

ಇಲ್ಲಿ ಒಂದು ಮಾತು ಬಿಡುವಂತಿಲ್ಲ. ಬೇಜ್ಲಿಯವರ ಗಿರಣಿ ತೆಗೆಯುತ್ತಿದ್ದದ್ದು ಸಣ್ಣ ನೂಲು, ಅದಕ್ಕೆ ಬೇಕಾದದ್ದು ಉದ್ದ ಎಳೆ. ನಮ್ಮ ಕುಮಟಾ ಹತ್ತಿ ಆ ನೂಲಿಗೆ ಒದಗುವಂಥದ್ದಾಗಿರಲಿಲ್ಲ. ಅವರು ಹೋರಾಡಿದ್ದು ತಮ್ಮ ಊರಿನ ಇಡೀ ಧಂದೆಗಾಗಿ, ಅದನ್ನು ಒಪ್ಪಿಕೊಳ್ಳಬೇಕು. ಕಾರ್ಮಿಕನಿಗೆ ಗಾಳಿ ಬೆಳಕಿನ ಮನೆ ಬೇಕು, ಅವನ ಮಕ್ಕಳಿಗೆ ಶಾಲೆ ಬೇಕು ಎಂದು ಅರಿತಿದ್ದ ಮನುಷ್ಯ ಅವರು. ಆ ಅರಿವು ಸಮುದ್ರ ದಾಟಿ ಅಣ್ಣಿಗೇರಿಯ ಕಲ್ಲಿನ ಮುಂದೆ ಕೂತವಳವರೆಗೆ ಬರಲಿಲ್ಲ. ಅವಳಿಗೆ ಅವರ ಕಾಲದ ವ್ಯಾಪಾರ ರಸ್ತೆ ಕೊಟ್ಟಿತು, ಮನೆ ಕೊಡಲಿಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂತು. ಅಣ್ಣಿಗೇರಿ ಗದಗ ಮಾರ್ಗದಲ್ಲಿ, ಕುಂದಗೋಳ ಹರಿಹರದ ಮಾರ್ಗದಲ್ಲಿ ಸ್ಟೇಶನ್ ಪಡೆದವು. ಹತ್ತಿ ಮರ್ಮಗೋವಾ ಕಡೆ ತಿರುಗಿತು, ಕಾರವಾರದ ಕನಸು ಕರಗಿತು. ಉಗಿಯಂತ್ರದ ಜಿನ್ನುಗಳು ರೈಲಿನ ಆಸುಪಾಸು ಎದ್ದವು. ಈಗಿನ ಜಿನ್ನುಗಳಲ್ಲಿ ಹೆಚ್ಚಾಗಿ ಕಾಣುವುದು ಡಬಲ್ ರೋಲರ್. ಒರಟು ಮೈಯ ಎರಡು ರೋಲರುಗಳು ಎಳೆಯನ್ನು ಕಚ್ಚಿ ಎಳೆಯುತ್ತವೆ, ಅಂಟಿ ನಿಂತ ಪಟ್ಟಿ ಕಾಳನ್ನು ತಡೆಯುತ್ತದೆ, ಆಡುವ ಪಟ್ಟಿ ಬಡಿದು ಬೀಳಿಸುತ್ತದೆ. ಅಂಗಾಲಿನ ಸರಳು ಮಾಡುತ್ತಿದ್ದ ಕೆಲಸವೇ ಇದು. ಕಾಳು ಎಣ್ಣೆ ಮಿಲ್ಲಿಗೆ, ಎಮ್ಮೆಯ ಬಾನಿಗೆ. ಅರಳೆ ಪ್ರೆಸ್ಸಿಗೆ ಹೋಗಿ 170 ಕಿಲೋ ತೂಕದ ಬೇಲಾಗಿ ಹೊರಬರುತ್ತದೆ. ದೂಳು ಮೂಗಿಗೆ ಹೋಗದಂತೆ ಸೆರಗು ಸುತ್ತಿಕೊಂಡು ಯಂತ್ರಕ್ಕೆ ಹತ್ತಿ ಉಣಿಸುವವರು ಇಂದಿಗೂ ಬಹುಪಾಲು ಹೆಣ್ಣುಮಕ್ಕಳೇ.

ಶಾ ಹಂಚಿದ ಆ ಅಮೆರಿಕನ್ ಬೀಜ ಅಳಿಯಲಿಲ್ಲ. ಧಾರವಾಡ-ಅಮೆರಿಕನ್ನಿನಿಂದ ಆರಿಸಿ ‘ಗದಗ-1’ ತಳಿ ತೆಗೆದರು. ಅದನ್ನು ಕಾಂಬೋಡಿಯಾ ಹತ್ತಿಯೊಂದಿಗೆ ಕೂಡಿಸಿ ‘ಲಕ್ಷ್ಮಿ’ ಬಂತು. 1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಬಿ.ಎಚ್. ಕಟರಕಿ ಲಕ್ಷ್ಮಿಯನ್ನು ಉದ್ದ ಎಳೆಯ ಬೇರೊಂದು ಜಾತಿಯೊಂದಿಗೆ ಸಂಕರಿಸಿ ‘ವರಲಕ್ಷ್ಮಿ’ ಕೊಟ್ಟರು. ಹೂ ಅರಳುವ ಹಿಂದಿನ ಸಂಜೆ ಗಂಡುಭಾಗ ಕಿತ್ತು, ಮರುದಿನ ಮುಂಜಾನೆ ಪರಾಗ ಸವರಿ, ಒಂದೊಂದೇ ಹೂವಿನಿಂದ ಬೀಜ ಮಾಡುವ ಕೆಲಸ ಅದು. ಬೇಜ್ಲಿಯವರ ಗಿರಣಿಗೆ ಬೇಕಿದ್ದಂಥ ಸಣ್ಣ ನೂಲಿನ ಉದ್ದ ಎಳೆ ಕೊನೆಗೆ ನಮ್ಮ ಜಿನ್ನುಗಳಿಗೆ ಬಂತು, ಹೋದದ್ದು ನಮ್ಮ ದೇಶದ ಗಿರಣಿಗಳಿಗೆ.