ಗಣಕಭಾಷೆಯಲ್ಲಿ ವಸ್ತುವಿನ ಸ್ವತಂತ್ರ ಪ್ರತಿ

ಶಾಸನವೊಂದರ ಮೂಲಪಾಠವನ್ನೂ ತಿದ್ದಿದ ಪಾಠವನ್ನೂ ಬೇರೆಬೇರೆಯಾಗಿ ಉಳಿಸಿಕೊಳ್ಳುವುದು ಇತಿಹಾಸಕಾರನ ಕರ್ತವ್ಯ. ಆ ಶಾಸನವನ್ನು ಪೈಥಾನ್ ಭಾಷೆಯಲ್ಲಿ ಒಂದು ‘ಆಬ್ಜೆಕ್ಟ್’, ಎಂದರೆ ವಸ್ತುವಾಗಿಯೂ, ಅದರ ಸಾಲುಗಳನ್ನು ವಸ್ತುವಿನೊಳಗಣ ಪಟ್ಟಿಯಾಗಿಯೂ ನಾವು ಇರಿಸಿದೆವೆಂದು ಭಾವಿಸೋಣ. ಸಮಚಿಹ್ನೆಯಿಂದ ದೊರೆಯುವುದು ಪ್ರತಿಯಲ್ಲ. ಅದೇ ವಸ್ತುವಿಗೆ ಇನ್ನೊಂದು ಹೆಸರು ಮಾತ್ರ. ‘ಕಾಪಿ’ ಎಂಬ ಕ್ರಿಯೆಯು ಹೊಸ ವಸ್ತುವನ್ನು ನಿರ್ಮಿಸುವುದಾದರೂ ಒಳಗಣ ಪಟ್ಟಿ ಎರಡಕ್ಕೂ ಒಂದೇ ಆಗಿರುತ್ತದೆ. ಆದುದರಿಂದ ಪ್ರತಿಯಲ್ಲಿ ಒಂದು ಸಾಲನ್ನು ತಿದ್ದಿದರೆ ನಮಗರಿವಿಲ್ಲದೆ ಮೂಲಪಾಠವೂ ಕೆಡುತ್ತದೆ. ‘ಡೀಪ್‌ಕಾಪಿ’ಯಾದರೋ ಆ ಪಟ್ಟಿಯನ್ನೂ ಬೇರೆಯಾಗಿ ನಕಲಿಸುತ್ತದೆ. ವಸ್ತುಗಳು ಒಂದನ್ನೊಂದು ನಿರ್ದೇಶಿಸುತ್ತಿದ್ದಾಗ ಈ ಕಾರ್ಯ ಕೊನೆಗಾಣದೆ ಹೋಗದಂತೆ, ಆಗಲೇ ನಕಲಾದವುಗಳ ಜ್ಞಾಪಕಪಟ್ಟಿಯೊಂದನ್ನು ಅದು ಇಟ್ಟುಕೊಳ್ಳುತ್ತದೆ. ಪಾಠವನ್ನು ತಿದ್ದತೊಡಗುವ ಮೊದಲು ಈ ಕ್ರಮವನ್ನೇ ಅನುಸರಿಸಬೇಕೆಂಬುದು ನಮ್ಮ ಅಭಿಪ್ರಾಯ.