ಇಂಜಿನ್ನಿನ ‘ಮಿಸ್’: ಮೊದಲು ಪರೀಕ್ಷೆ, ಆಮೇಲೆ ಬಿಡಿಭಾಗ

ಅಡಿಕೆ ಮರದಿಂದ ಎಳೆಯ ಕಾಯಿ ಉದುರತೊಡಗಿದರೆ ಯಾವ ಬೆಳೆಗಾರನೂ ಕೂಡಲೇ ಬೋರ್ಡೋ ದ್ರಾವಣ ಕಲಸಲು ಹೊರಡುವುದಿಲ್ಲ. ಉದುರಿದ ಕಾಯನ್ನು ಕೈಗೆತ್ತಿಕೊಂಡು ಕೊಳೆರೋಗವೋ, ನೀರಿನ ಕೊರತೆಯೋ, ಕೀಟದ ಕಾಟವೋ ಎಂದು ನೋಡುತ್ತಾನೆ. ಮನೆಯ ಹಳೆಯ ಕಾರಿನ ವಿಷಯದಲ್ಲಿ ಮಾತ್ರ ಈ ವಿವೇಕ ಅಪರೂಪ. ಇಂಜಿನ್ನು ‘ಮಿಸ್’ ಹೊಡೆಯಿತೆಂದರೆ ಪ್ಲಗ್ಗು ಬದಲಿಸು, ಕಾಯಿಲು ತರಿಸು, ಕಾರ್ಬ್ಯುರೇಟರು ಬಿಚ್ಚು ಎಂದು ಹಣ ಸುರಿಯುವವರೇ ಹೆಚ್ಚು.

ನಮ್ಮ ಸದಸ್ಯರಲ್ಲಿ ಕೆಲವರ ಮನೆಯಲ್ಲಿ ಇಂದಿಗೂ ಪೆಟ್ರೋಲ್ ಅಂಬಾಸಿಡರ್, ಪದ್ಮಿನಿ, ಹಳೆಯ ಜೀಪು ಇವೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು; ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತಿತ್ತು. ಈಗಿನ ವರ್ಕ್‌ಷಾಪಿನ ಹುಡುಗರು ಕಂಪ್ಯೂಟರ್ ಜೋಡಿಸಿ ದೋಷ ಓದುವುದರಲ್ಲಿ ಜಾಣರು. ಆದರೆ ಈ ಗಾಡಿಗಳಲ್ಲಿ ಆ ಯಂತ್ರ ಜೋಡಿಸುವ ಜಾಗವೇ ಇಲ್ಲ. ಆದ್ದರಿಂದ ಮಾಲೀಕನಿಗೇ ನಾಲ್ಕಕ್ಷರ ತಿಳಿದಿರುವುದು ಲೇಸು.

ಕಳೆದ ಬೇಸಿಗೆಯ ಒಂದು ಪ್ರಸಂಗ ಹೇಳುತ್ತೇವೆ. ಚಾಲುಕ್ಯರ ಕಾಲದ ಭೀಮೇಶ್ವರ ದೇಗುಲವಿರುವ ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ನಮ್ಮ ಸದಸ್ಯರೊಬ್ಬರು ಕೊಳವೆ ಬಾವಿಯ ನೀರಿನಲ್ಲಿ ಅಡಿಕೆ ಮಾಡಿದ್ದಾರೆ. ಅವರ ಅಂಬಾಸಿಡರ್ ಬೆಳಿಗ್ಗೆ ಸೊಗಸಾಗಿ ಹೊರಡುತ್ತಿತ್ತು. ದಾವಣಗೆರೆಯ ದಾರಿಯಲ್ಲಿ ಬಿಸಿಲೇರಿದಂತೆ ಮಿಸ್ ಹೊಡೆದು ನಿಲ್ಲುತ್ತಿತ್ತು. ಅರ್ಧ ಗಂಟೆ ತಣಿದರೆ ಮತ್ತೆ ಸರಿ. ಪ್ಲಗ್ಗುಗಳು ಹೊಸದಾದವು, ಕಾರ್ಬ್ಯುರೇಟರು ಹೊಸದಾಯಿತು, ರೋಗ ಹೋಗಲಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ. ಅಪರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಇದನ್ನು ನಂಬುವುದು ಹೇಗೆ? ಕೊನೆಗೆ ಗುಜರಿಯವನೊಡನೆ ಬೆಲೆಯ ಮಾತೂ ಆಯಿತು.

ಗಾಡಿ ನಮ್ಮ ಸಂಘದ ಅಂಗಳದಲ್ಲಿ ಕೈಕೊಟ್ಟಾಗ, ತಣಿಯಲು ಬಿಡದೆ ಅಲ್ಲೇ ನೋಡಿದೆವು. ಕಾರ್ಬ್ಯುರೇಟರಿಗೆ ಪೆಟ್ರೋಲು ಸರಿಯಾಗಿ ಬರುತ್ತಿತ್ತು. ಕಿಡಿ ಮಾತ್ರ ಹಳದಿಯಾಗಿ, ಸಣ್ಣಗೆ ಬೀಳುತ್ತಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಪಾಯಿಂಟಿನ ಮುಖ ಸುಟ್ಟು ಕುಳಿಬಿದ್ದಿತ್ತು. ಪಾಯಿಂಟು ಹೀಗೆ ಬೇಗ ಸುಟ್ಟರೆ ಕಂಡೆನ್ಸರಿನ ಮೇಲೆ ಅನುಮಾನ ಪಡಬೇಕು. ಹೆಬ್ಬೆರಳಿನಷ್ಟು ಗಾತ್ರದ ಆ ಡಬ್ಬಿಯನ್ನೂ ಪಾಯಿಂಟನ್ನೂ ಬದಲಿಸಿದ ಮೇಲೆ ಗಾಡಿ ಮತ್ತೆ ನಿಂತಿಲ್ಲ.

ಸಿಲಿಂಡರು ದುಡಿಯಲು ಮೂರು ಬೇಕು: ಸಕಾಲಕ್ಕೆ ಕಿಡಿ, ಹದವಾದ ಪೆಟ್ರೋಲು–ಗಾಳಿಯ ಮಿಶ್ರಣ, ಸಾಕಷ್ಟು ಒತ್ತಡ. ನಿಮಿಷಕ್ಕೆ 3,000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಸೆಕೆಂಡಿಗೆ 100 ಕಿಡಿ ಬೇಕು. ಒಂದೊಂದು ಕಿಡಿಗೂ ಪಾಯಿಂಟು ಒಮ್ಮೆ ತೆರೆಯಬೇಕು. ಆದ್ದರಿಂದ ಪರೀಕ್ಷೆ ಕಿಡಿಯಿಂದ ಶುರುವಾಗಲಿ.

ಮೊದಲು ಯಾವ ಸಿಲಿಂಡರು ಮಲಗಿದೆ ಎಂದು ತಿಳಿಯಿರಿ. ಇಂಜಿನ್ನು ನಿಲ್ಲಿಸಿ ಒಂದು ಪ್ಲಗ್ಗಿನ ವೈರು ತೆಗೆದು, ಅದರ ತುದಿಯನ್ನು ಇಂಜಿನ್ನಿನ ಕಬ್ಬಿಣಕ್ಕೆ ತಾಗುವಂತೆ ಭದ್ರಪಡಿಸಿ, ಮತ್ತೆ ಚಾಲೂ ಮಾಡಿ. ನಡುಕ ಹೆಚ್ಚಾದರೆ ಆ ಸಿಲಿಂಡರು ದುಡಿಯುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಸಿಕ್ಕಿದ. ಓಡುವ ಇಂಜಿನ್ನಿನ ವೈರಿಗೆ ಬರಿಗೈ ಹಾಕಬೇಡಿ, ಪೆಟ್ರೋಲು ಸೋರುತ್ತಿದ್ದರೆ ಈ ಪರೀಕ್ಷೆಯೇ ಬೇಡ. ಕಂಪ್ಯೂಟರ್ ಇರುವ ಹೊಸ ಕಾರುಗಳಿಗೂ ಇದು ಹೇಳಿದ್ದಲ್ಲ.

ಸಿಕ್ಕ ಸಿಲಿಂಡರಿನ ಪ್ಲಗ್ಗನ್ನು ಬಿಚ್ಚಿ ಅದರ ಮುಖ ನೋಡಿ. ಬಿಸ್ಕತ್ತಿನ ಬಣ್ಣ ಆರೋಗ್ಯದ ಲಕ್ಷಣ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚು. ಜಿಡ್ಡಿನ ಕಪ್ಪಾದರೆ ಆಯಿಲು ಮೇಲೇರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಕಡಿಮೆ ಅಥವಾ ಕಾವು ಹೆಚ್ಚು. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಕಿಡಿ ಬೀಳುತ್ತಿಲ್ಲ. ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ಮಿಸ್ ಅದರ ಜೊತೆ ಹೋದರೆ ದೋಷ ಪ್ಲಗ್ಗಿನದೇ. ಹೋಗದಿದ್ದರೆ ವೈರನ್ನು ಹೀಗೆಯೇ ಪರೀಕ್ಷಿಸಿ. ಅಂಬಾಸಿಡರಿನ 1,489 ಸಿ.ಸಿ. ಪೆಟ್ರೋಲ್ ಇಂಜಿನ್ನಿಗೆ ಪ್ಲಗ್ಗಿನ ಸಂದು 0.025 ಇಂಚು, ಪಾಯಿಂಟಿನದು 0.015 ಇಂಚು, ಕಿಡಿಯ ಕ್ರಮ 1-3-4-2. ಫೀಲರ್ ಗೇಜು ಒಂದಿದ್ದರೆ ಅಳೆಯುವುದು ಐದು ನಿಮಿಷದ ಕೆಲಸ.

ಕಿಡಿ, ಪೆಟ್ರೋಲು ಎರಡೂ ಸರಿಯಿದ್ದರೆ ಒತ್ತಡ ಅಳೆಸಿ. ಒಂದು ಸಿಲಿಂಡರಿನಲ್ಲಿ ಕಡಿಮೆ ಬಂದರೆ ಒಂದು ಚಮಚ ಆಯಿಲು ಬಿಟ್ಟು ಮತ್ತೆ ಅಳೆಯಬೇಕು. ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವನ್ನು ನೋಡಬೇಕು. ಅಕ್ಕಪಕ್ಕದ ಎರಡರಲ್ಲೂ ಕಡಿಮೆಯಾದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ನಿಂತಲ್ಲಿ ಮಾತ್ರ ಮಿಸ್ ಹೊಡೆದು ವೇಗದಲ್ಲಿ ಸರಿಹೋಗುವ ಇಂಜಿನ್ನು ಮ್ಯಾನಿಫೋಲ್ಡಿನ ಸಂದಿನಲ್ಲಿ ಗಾಳಿ ಎಳೆಯುತ್ತಿರಬಹುದು; ಕಿವಿಗೊಟ್ಟರೆ ಸುಯ್ ಎಂಬ ಸದ್ದು ಕೇಳುತ್ತದೆ.

ಸೀಮೆಯಿಂದ ಸೀಮೆಗೆ ಕಾರಣ ಬೇರೆ. ನೀಲಗುಂದದಂಥ ಬಯಲು ನಾಡಿನಲ್ಲಿ ಬಿಸಿಲು ಶತ್ರು: ಕಾಯಿಲು, ಕಂಡೆನ್ಸರು ಕಾದಾಗ ಸೋಲುತ್ತವೆ, ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಹರಿವು ತಡೆಯುತ್ತದೆ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿದಾಗ ಗಾಡಿ ಹೊರಟರೆ ಆವಿಯದೇ ಕಾಟ. ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆ ಶತ್ರು: ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತು, ಕೂದಲೆಳೆಯಂಥ ಬಿರುಕಿನಲ್ಲಿ ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಿಂದ ಒರೆಸಿ, ಬಿರುಕಿದ್ದರೆ ಮುಚ್ಚಳ ಬದಲಿಸಿ. ಕತ್ತಲಲ್ಲಿ ಬಾನೆಟ್ ತೆರೆದು ಇಂಜಿನ್ನು ಓಡಿಸಿದರೆ ಸೋರುವ ವೈರು ತಾನೇ ಮಿನುಗಿ ತೋರಿಸುತ್ತದೆ.

ಪೆಟ್ರೋಲೂ ಹಿಂದಿನದಲ್ಲ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ. ಹಳೆಯ ಇಂಜಿನ್ನುಗಳ ವಾಲ್ವಿನ ಪೀಠಕ್ಕೆ ಸೀಸವೇ ರಕ್ಷೆಯಾಗಿತ್ತು. ಅದಿಲ್ಲದೆ ಪೀಠ ಸವೆದು ವಾಲ್ವಿನ ಸಂದು ಕಿರಿದಾಗುತ್ತ ಬರುತ್ತದೆ. ಆಗಾಗ ಅಳೆಸಿ. 2025ರಲ್ಲಿ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ ಶೇ. 20ಕ್ಕೆ ಮುಟ್ಟಿತು. ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ, ಮಿಶ್ರಣವನ್ನು ತೆಳುಮಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಬಿಡಬೇಡಿ. ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥದಕ್ಕೆ ಬದಲಿಸಿ.

ಕೊನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ತಾರೀಖು ಸಮೇತ ಪುಸ್ತಕದಲ್ಲಿ ಬರೆಯಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಎಂದು ತಿಳಿಯದು. ಮೆಕ್ಯಾನಿಕ್ಕಿನ ಬಳಿಗೆ ಹೋದಾಗಲೂ ಬರೀ “ಮಿಸ್ ಹೊಡೀತದೆ” ಎನ್ನದೆ, ಕಾದ ಮೇಲೋ ತಣ್ಣಗಿದ್ದಾಗಲೋ, ಏರಿನಲ್ಲೋ ನಿಂತಾಗಲೋ, ಎಷ್ಟನೆಯ ಸಿಲಿಂಡರು ಎಂದು ಹೇಳಿ. ರೋಗಿಯ ಮಾತು ಸ್ಪಷ್ಟವಿದ್ದರೆ ವೈದ್ಯನ ಅರ್ಧ ಕೆಲಸ ಮುಗಿದಂತೆ. ಸದಸ್ಯ ಬಾಂಧವರ ಖರ್ಚೂ ಅಷ್ಟರಮಟ್ಟಿಗೆ ಉಳಿಯುತ್ತದೆ.