ರೋಮನ್ ಅಂಕಿ ಏನನ್ನು ಎಣಿಸುತ್ತದೆ?

ಅಭ್ಯಾಸ ಬೋಧನೆಯ ವೀಕ್ಷಣೆಗೆಂದು ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪ್ರಶಿಕ್ಷಣಾರ್ಥಿ ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್‌ಗಳ ಸೂತ್ರಗಳನ್ನು ಅಡ್ಡ ಬಾಣ ಎಳೆದು ಚೆನ್ನಾಗಿಯೇ ಬರೆಸಿದರು. ಮುಂದಿನ ಲೆಕ್ಕ, ಹೆಸರಿನ ನಡುವೆ ಆವರಣದಲ್ಲಿ ರೋಮನ್ ಮೂರು ಇರುವ ಕಬ್ಬಿಣದ ಆಕ್ಸೈಡ್. ಒಬ್ಬ ಹುಡುಗಿ ಮೂರು ಕಬ್ಬಿಣ, ಒಂದು ಆಕ್ಸಿಜನ್ ಎಂದು ಬರೆದಳು. “ತಪ್ಪು, ಅಂಕಿಗಳನ್ನು ಅಡ್ಡ ದಾಟಿಸು” ಎಂದರು. ದಾಟಿಸಿದಳು, ಎರಡು ಕಬ್ಬಿಣ, ಮೂರು ಆಕ್ಸಿಜನ್ ಎಂದು ಸರಿಯುತ್ತರ ಬಂತು, ಪಾಠ ಮುಂದೆ ಹೋಯಿತು. ಆ ಮೂರನ್ನು ಅವಳು ಪರಮಾಣುಗಳ ಸಂಖ್ಯೆ ಎಂದೇ ಓದಿದ್ದಳು. ಅದನ್ನು ಯಾರೂ ವಿಚಾರಿಸಲಿಲ್ಲ.

ಸೋಡಿಯಂ ಅಯಾನಿನ ಆವೇಶ ತಿಳಿಯಲು ಆವರ್ತ ಕೋಷ್ಟಕದ ಗುಂಪು ನೋಡಿದರೆ ಸಾಕು. ಸಂಕ್ರಮಣ ಲೋಹಗಳಲ್ಲಿ ಹೊರ ಕವಚದ ಜೊತೆಗೆ ಅದರ ಒಳಗಿನ ಕವಚದ ಎಲೆಕ್ಟ್ರಾನುಗಳೂ ಬಂಧದಲ್ಲಿ ತೊಡಗುವುದರಿಂದ ಕಬ್ಬಿಣ ಎರಡೂ ಆಗಬಹುದು, ಮೂರೂ ಆಗಬಹುದು. ತಾಮ್ರ ಒಂದು ಅಥವಾ ಎರಡು. ಹಾಗಾಗಿ ಹೆಸರೇ ಆವೇಶವನ್ನು ಹೇಳಬೇಕು. ರೋಮನ್ ಅಂಕಿಯ ಕೆಲಸ ಅದು. ಪರಮಾಣು ಎಷ್ಟೆಂದು ಅದು ಹೇಳುವುದಿಲ್ಲ. ಅದನ್ನು ನಾವು ಆವೇಶಗಳನ್ನು ಸರಿದೂಗಿಸಿ ಕಂಡುಕೊಳ್ಳಬೇಕು.

ಅಡ್ಡ ಬಾಣದ ವಿಧಾನವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಮೊದಲ ದಿನವೇ ಕೊಡುವುದು ಅವಸರ. ಟಾರ್ಚ್ ಸೆಲ್ಲಿನ ಕಪ್ಪು ಪುಡಿಯಲ್ಲಿರುವ ಮ್ಯಾಂಗನೀಸ್ ಆಕ್ಸೈಡನ್ನು ತೆಗೆದುಕೊಳ್ಳಿ: ಮ್ಯಾಂಗನೀಸಿಗೆ ರೋಮನ್ ನಾಲ್ಕು. ಬಾಣ ಎಳೆದರೆ ಎರಡು ಮ್ಯಾಂಗನೀಸ್, ನಾಲ್ಕು ಆಕ್ಸಿಜನ್. ಆಮೇಲೆ “ಭಾಗಿಸಿ” ಎಂಬ ಇನ್ನೊಂದು ನಿಯಮ. ನಾಲ್ಕು ಧನ ಆವೇಶಕ್ಕೆ ಎರಡೆರಡು ಋಣ ಆವೇಶದ ಎಷ್ಟು ಆಕ್ಸೈಡ್ ಬೇಕೆಂದು ಕೇಳಿದರೆ ಮಗು ನೇರವಾಗಿ “ಎರಡು” ಎನ್ನುತ್ತದೆ.

ನಿಜವಾದ ಪರೀಕ್ಷೆ ಇರುವುದು ಸೂತ್ರದಿಂದ ಹೆಸರಿಗೆ ಹಿಂದಿರುಗುವಾಗ. ತಾಮ್ರದ ಕೆಂಪು ಆಕ್ಸೈಡಿನಲ್ಲಿ ಎರಡು ತಾಮ್ರಕ್ಕೆ ಒಂದು ಆಕ್ಸಿಜನ್. ಕಪ್ಪು ಆಕ್ಸೈಡಿನಲ್ಲಿ ಒಂದಕ್ಕೆ ಒಂದು. ತಪ್ಪು ಕಲಿತವರು ಕೆಂಪಿಗೆ ರೋಮನ್ ಎರಡು, ಕಪ್ಪಿಗೆ ರೋಮನ್ ಒಂದು ಎನ್ನುತ್ತಾರೆ. ಇರುವುದು ತಿರುವುಮುರುವು. ಆಕ್ಸೈಡಿನ ಎರಡು ಋಣ ಆವೇಶವನ್ನು ಕೆಂಪಿನಲ್ಲಿ ಎರಡು ತಾಮ್ರ ಹಂಚಿಕೊಳ್ಳುತ್ತವೆ, ತಲಾ ಒಂದು. ಕಪ್ಪಿನಲ್ಲಿ ಒಂದೇ ತಾಮ್ರ ಎರಡನ್ನೂ ಹೊರುತ್ತದೆ. ಘಟಕ ಪರೀಕ್ಷೆಗೆ ಒಂದೇ ಪ್ರಶ್ನೆ ಹಾಕಬೇಕಾದರೆ ಈ ಜೋಡಿಯನ್ನೇ ಹಾಕಿ.

ಹಳೆಯ ಹೆಸರುಗಳೂ ಅಂಗಡಿ, ತೋಟಗಳಲ್ಲಿ ಇನ್ನೂ ಉಳಿದಿವೆ. ಅನ್ನಭೇದಿ ಫೆರಸ್ ಸಲ್ಫೇಟ್; ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಕ್ಯುಪ್ರಿಕ್ ಸಲ್ಫೇಟ್. ಒಂದು ‘ಅಸ್’, ಇನ್ನೊಂದು ‘ಇಕ್’, ಆದರೂ ಎರಡರಲ್ಲೂ ಲೋಹದ ಆವೇಶ ಎರಡೇ. ‘ಅಸ್’ ಎಂದರೆ ಆಯಾ ಲೋಹದ ಕಡಿಮೆ ಆವೇಶ ಎಂದಷ್ಟೇ ಅರ್ಥ.

ಬಳ್ಳಾರಿಯ ಹೆಮಟೈಟ್ ಅದಿರು ಆ ಹುಡುಗಿ ಬರೆದ ಆಕ್ಸೈಡೇ. ಕುದುರೆಮುಖದ ಮ್ಯಾಗ್ನೆಟೈಟಿನಲ್ಲಿ ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಸರಾಸರಿ ಹಾಕಿದರೆ ಕಬ್ಬಿಣದ ಆವೇಶ ಎಂಟನ್ನು ಮೂರರಿಂದ ಭಾಗಿಸಿದಷ್ಟು. ಯಾರಾದರೂ ಇದನ್ನು ಕೇಳಿದರೆ “ಪಠ್ಯದಲ್ಲಿಲ್ಲ” ಎಂದು ಕೂರಿಸಬೇಡಿ. ಮೂರರಲ್ಲಿ ಒಂದರ ಆವೇಶ ಎರಡು, ಉಳಿದೆರಡರದು ಮೂರು ಮೂರು. ಕೂಡಿಸಲು ಅವರಿಗೇ ಬಿಡಿ.